ಮದರಾಸಿನ ಸಸ್ಯಶಾಸ್ತ್ರಜ್ಞ ಡಾಕ್ಟರ್ ರಾಬರ್ಟ್ ವೈಟ್

ತುಂಬೆಯ ಗಿಡವನ್ನು ಅರಿಯದವರು ನಮ್ಮಲ್ಲಿ ವಿರಳ. ಮಳೆಯು ಕಳೆದೊಡನೆ ಅಡಯಾರಿನ ಬಯಲುಗಳಲ್ಲಿ, ರೈಲು ಹಾದಿಯ ಇಕ್ಕೆಲಗಳಲ್ಲಿ, ಮನೆ ಕಟ್ಟದೆ ಬಿಟ್ಟ ನಿವೇಶನಗಳಲ್ಲಿ ಮೊಣಕಾಲೆತ್ತರ ಬೆಳೆದು, ಗೆಣ್ಣುಗೆಣ್ಣಿಗೂ ಪುಟ್ಟ ಬಿಳಿಯ ಹೂಗಳನ್ನು ಮುಡಿದು ನಿಲ್ಲುವ ಗಿಡವದು. ಕನ್ನಡಿಗರಿಗೆ ತುಂಬೆ, ತಮಿಳರಿಗೆ ತುಂಬೈ, ಮಲೆಯಾಳಿಗಳಿಗೆ ತುಂಬ, ತೆಲುಗರಿಗೆ ತುಮ್ಮಿ. ನಾಲ್ಕು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಈ ಹೂವೂ ಒಂದು ಸಾಕ್ಷಿ. ನಮ್ಮ ಹಿರಿಯರು ಇದನ್ನು ಶಿವನ ಪೂಜೆಗೆ ಮೀಸಲಿಟ್ಟರು. ಕೇರಳದಲ್ಲಿ ಓಣಂ ಹಬ್ಬದ ಹೂವಿನ ರಂಗವಲ್ಲಿಗೆ ಇದು ಬೇಕು. ಪ್ರಾಚೀನ ತಮಿಳು ನಾಡಿನಲ್ಲಿ ಎರಡು ಸೇನೆಗಳು ಬಯಲಿನಲ್ಲಿ ಎದುರುಬದುರು ನಿಂತು ಹೋರಾಡುವಾಗ ವೀರರು ಮುಡಿಯುತ್ತಿದ್ದುದು ಈ ಹೂವನ್ನೇ. ಅಂಥ ಯುದ್ಧದ ವರ್ಣನೆಗೆ ತೊಲ್ಕಾಪ್ಪಿಯದಲ್ಲಿ ತುಂಬೈ ಎಂದೇ ಹೆಸರಿದೆ.

ಆದರೆ ಹೀಗೆ ಕರೆಯುವಾಗ ನಾವು ಯಾವ ತುಂಬೆಯನ್ನು ಹೇಳುತ್ತಿದ್ದೇವೆ? ಎಲೆ ಒರಟಾಗಿ, ಮೈಯೆಲ್ಲ ಬಿರುಸು ರೋಮವುಳ್ಳದ್ದು ಒಂದು. ಕೊಂಬೆಯ ತುದಿಯಲ್ಲಿ ಚೆಂಡಿನಂಥ ದೊಡ್ಡ ಗುಚ್ಛವನ್ನು ಹೊತ್ತದ್ದು ಮತ್ತೊಂದು. ಎಲೆಯ ಕಂಕುಳಿನಲ್ಲಿ ಎರಡೆರಡೇ ಹೂಗಳನ್ನು ಬಿಟ್ಟು ನೆಲದ ಮೇಲೆ ಚಾಚಿಕೊಳ್ಳುವುದು ಇನ್ನೊಂದು. ನೀಲಗಿರಿಯ ಹುಲ್ಲುಗಾವಲಿನಲ್ಲಿ ರೇಷ್ಮೆಯಂಥ ಬಿಳಿಯ ರೋಮ ಹೊದ್ದ ಪೊದೆಯಾಗಿ ಬೆಳೆಯುವುದೂ ಉಂಟು. ಇವೆಲ್ಲ ಒಂದೇ ಗಿಡದ ಬಗೆಗಳೋ, ಬೇರೆ ಬೇರೆ ಪ್ರಭೇದಗಳೋ? ಈ ಪ್ರಶ್ನೆಯನ್ನು ಬಿಡಿಸುವುದಕ್ಕಾಗಿ ದಕ್ಷಿಣ ದೇಶದ ಗಿಡಗಳನ್ನು ಸಾವಿರ ಸಾವಿರವಾಗಿ ಕಲೆಹಾಕಿ, ಒಣಗಿಸಿ, ಚಿತ್ರ ಬರೆಸಿ, ಲೋಕದ ಪಂಡಿತರ ಮುಂದಿಟ್ಟ ಮಹನೀಯರು ನಮ್ಮ ಈ ಊರಿನಲ್ಲಿ, ಅದು ಮದರಾಸಾಗಿದ್ದ ಕಾಲದಲ್ಲಿ, ಬಾಳಿದ್ದರು. ಅವರೇ ಡಾಕ್ಟರ್ ರಾಬರ್ಟ್ ವೈಟ್.

ವೈಟರು ಹುಟ್ಟಿದ್ದು ೧೭೯೬ನೆಯ ಇಸವಿ ಜುಲೈ ೬ರಂದು, ಸ್ಕಾಟ್ಲೆಂಡಿನ ಪೂರ್ವ ಲೋಥಿಯನ್ ಪ್ರಾಂತದಲ್ಲಿ. ತಂದೆ ಎಡಿನ್‌ಬರೋ ನಗರದಲ್ಲಿ ನ್ಯಾಯವಾದಿಗಳು. ಮನೆ ತುಂಬ ಮಕ್ಕಳು. ಹನ್ನೊಂದು ವರ್ಷದವರೆಗೆ ಬಾಲಕನ ವಿದ್ಯಾಭ್ಯಾಸ ಮನೆಯಲ್ಲಿಯೇ ನಡೆದು, ಆಮೇಲೆ ಎಡಿನ್‌ಬರೋವಿನ ರಾಯಲ್ ಹೈಸ್ಕೂಲಿನಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ಮುಂದುವರಿಯಿತು. ವೈದ್ಯವಿದ್ಯೆಯ ಜೊತೆಗೆ ಸಸ್ಯಶಾಸ್ತ್ರವನ್ನು ಅವರಿಗೆ ಕಲಿಸಿದ ಗುರುಗಳು ಡೇನಿಯಲ್ ರುದರ್‌ಫರ್ಡ್. ೧೭೭೨ರಲ್ಲಿ ನೈಟ್ರೊಜನ್ ಎಂಬ ಅನಿಲವನ್ನು ಕಂಡುಹಿಡಿದವರೆಂದು ವಿಜ್ಞಾನದ ಪಾಠದಲ್ಲಿ ಓದುವ ರುದರ್‌ಫರ್ಡರು ಇವರೇ. ಆ ಕಾಲದಲ್ಲಿ ವೈದ್ಯರಾಗತಕ್ಕವರು ಗಿಡಮೂಲಿಕೆಗಳನ್ನು ಗುರುತಿಸಲು ಕಲಿಯಲೇಬೇಕಾಗಿತ್ತು. ಔಷಧಗಳಲ್ಲಿ ಹೆಚ್ಚಿನವು ಗಿಡಗಳಿಂದಲೇ ಬರುತ್ತಿದ್ದುವು. ೧೮೧೮ರಲ್ಲಿ ವೈಟರು ಎಂ. ಡಿ. ಪದವಿಯನ್ನು ಪಡೆದರು. ಮರುವರ್ಷ ಈಸ್ಟ್ ಇಂಡಿಯಾ ಕಂಪೆನಿಯ ಸೇನೆಯಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ನೇಮಕಗೊಂಡು ಮದರಾಸು ಪ್ರಾಂತಕ್ಕೆ ಹೊರಟುಬಂದರು.

ಅವರು ಬಂದ ವರ್ಷದಲ್ಲಿಯೇ, ಎಂದರೆ ೧೮೧೯ರಲ್ಲಿ, ಮದರಾಸಿನಲ್ಲಿ ಇನ್ನೊಬ್ಬ ಸಸ್ಯಜ್ಞರು ತೀರಿಕೊಂಡಿದ್ದರು. ಅವರು ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯರು. ಟಿಪ್ಪು ಸುಲ್ತಾನನ ಮರಣಾನಂತರ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನು ಕೆಲಕಾಲ ನೋಡಿಕೊಂಡವರಾದ್ದರಿಂದ ಕನ್ನಡಿಗರು ಇವರನ್ನು ಮರೆಯಬಾರದು. ಹೈನೆಯವರು ತಮ್ಮ ಗಿಡಗಳನ್ನು ಜರ್ಮನಿಯ ರೋಥ್ ಎಂಬ ಪಂಡಿತರಿಗೆ ಕಳುಹಿಸಿದ್ದರು. ರೋಥರು ಅವನ್ನು ೧೮೨೧ರಲ್ಲಿ ಪುಸ್ತಕರೂಪವಾಗಿ ವರ್ಣಿಸಿದರು. ಚೆಂಡಿನಂಥ ಗುಚ್ಛವುಳ್ಳ ತುಂಬೆಗೆ ಮೊದಲು ಶಾಸ್ತ್ರೀಯ ಹೆಸರು ದೊರೆತದ್ದು ಆ ಪುಸ್ತಕದಲ್ಲಿಯೇ. ಇತ್ತ ಮದರಾಸಿನ ವೇಪೇರಿಯಲ್ಲಿ ರೋಟ್ಲರ್ ಎಂಬ ವೃದ್ಧ ಪಾದ್ರಿಗಳು ಧರ್ಮಬೋಧನೆಯ ಬಿಡುವಿನಲ್ಲಿ ಗಿಡಗಳನ್ನು ಕೂಡಿಸುತ್ತಿದ್ದರು. ಪಾಂಡಿಚೇರಿಯಲ್ಲಿದ್ದ ಫ್ರೆಂಚರ ಲೆಶನೋ ಎಂಬವರು ನೀಲಗಿರಿಯನ್ನು ಹತ್ತಿ ತಂದ ಗಿಡಗಳು ಪ್ಯಾರಿಸಿಗೆ ಹೋಗಿದ್ದುವು. ಹೀಗೆ ನಮ್ಮ ಗಿಡಗಳು ಬೇರೆ ಬೇರೆ ದೇಶಗಳ ಪೆಟ್ಟಿಗೆಗಳಲ್ಲಿ ಚೆದುರಿಹೋಗಿ, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವ ಅವಕಾಶವೇ ಯಾರಿಗೂ ಇರಲಿಲ್ಲ. ಒಂದೇ ಗಿಡಕ್ಕೆ ಮೂರು ಹೆಸರು, ಮೂರು ಗಿಡಕ್ಕೆ ಒಂದೇ ಹೆಸರು ಎಂಬ ಗೊಂದಲಕ್ಕೆ ಇದೇ ಕಾರಣ.

ಸೇನೆಯ ವೈದ್ಯರಿಗೆ ಒಂದೇ ಊರಿನಲ್ಲಿ ನೆಲೆ ಇರುವುದಿಲ್ಲ. ದಂಡು ಹೋದಲ್ಲಿ ವೈದ್ಯರೂ ಹೋಗಬೇಕು. ವೈಟರು ಈ ಅಲೆದಾಟವನ್ನೇ ಉಪಯೋಗಪಡಿಸಿಕೊಂಡು, ಹೋದ ಹೋದ ಕಡೆ ಗಿಡಗಳನ್ನು ಸಂಗ್ರಹಿಸತೊಡಗಿದರು. ೧೮೨೬ರಲ್ಲಿ ಮದರಾಸು ಸರ್ಕಾರವು ಅವರನ್ನು ಪ್ರಕೃತಿವಿಜ್ಞಾನಿಯ ಅಧಿಕಾರಪದವಿಗೆ ನೇಮಿಸಿತು. ಈಗ ಗಿಡ ಕೂಡಿಸುವುದೇ ಅವರ ಸರ್ಕಾರಿ ಕೆಲಸವಾಯಿತು. ಅವರು ದಕ್ಷಿಣದ ಜಿಲ್ಲೆಗಳಲ್ಲಿ ದೀರ್ಘ ಸಂಚಾರ ಮಾಡಿದರು. ಈ ನೆಲದ ಜನರನ್ನೇ ಆರಿಸಿ, ಗಿಡವನ್ನು ಬೇರು ಹೂ ಕಾಯಿಗಳೊಡನೆ ಕೀಳುವುದು, ಕಾಗದದ ಮಡಿಕೆಗಳ ನಡುವೆ ಒತ್ತಿಡುವುದು, ತೇವ ಹೀರಿದ ಕಾಗದವನ್ನು ಮತ್ತೆ ಮತ್ತೆ ಬದಲಿಸುವುದು, ಎಲ್ಲಿ ಎಂದು ದೊರೆಯಿತೆಂದು ಗುರುತಿಡುವುದು, ಇಷ್ಟನ್ನೂ ಅವರಿಗೆ ಕಲಿಸಿದರು. ನಮ್ಮ ಮಳೆಗಾಲದಲ್ಲಿ ಒಂದು ದಿನ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ತಪ್ಪಿದರೆ ಗೆದ್ದಲು. ಈ ಕೆಲಸವನ್ನು ಹಗಲಿರುಳು ಮಾಡಿದ ಆ ಸಂಗ್ರಾಹಕರ ಹೆಸರುಗಳು ಬಹುಮಟ್ಟಿಗೆ ಪುಸ್ತಕಗಳಲ್ಲಿ ಕಾಣುವುದಿಲ್ಲವೆಂಬುದು ವಿಷಾದದ ಸಂಗತಿ.

ಈ ಕಾಲದಲ್ಲಿಯೇ ರಂಗಯ್ಯ ಎಂಬ ಚಿತ್ರಕಾರರು ವೈಟರ ಬಳಿ ಸೇರಿದರು. ತಂಜಾವೂರಿನ ಚಿತ್ರಕಲೆಯ ಸಂಪ್ರದಾಯಕ್ಕೆ ಸೇರಿದ ತೆಲುಗು ಮನೆತನದವರು ಇವರು. ದೇವರ ಪಟಗಳಿಗೆ ಬಣ್ಣ ಹಚ್ಚುವ ಕೈ ಈಗ ಹೂವಿನ ಕೇಸರಗಳನ್ನು ಎಣಿಸಿ ಬರೆಯಬೇಕಾಯಿತು. ಅವರು ಈ ಹೊಸ ವಿದ್ಯೆಯನ್ನು ಎಷ್ಟು ಚೆನ್ನಾಗಿ ಸಾಧಿಸಿದರೆಂದರೆ, ವೈಟರು ಕಳುಹಿಸಿದ ಚಿತ್ರಗಳನ್ನು ಗ್ಲಾಸ್ಗೋವಿನ ಪ್ರಾಧ್ಯಾಪಕರಾದ ವಿಲಿಯಂ ಹುಕರ್ ಅವರು ತಮ್ಮ ಪತ್ರಿಕೆಗಳಲ್ಲಿ ಪ್ರಕಟಿಸಿದರು.

ಎರಡು ವರ್ಷ ತುಂಬುವುದರೊಳಗೆ ಅನಿರೀಕ್ಷಿತವಾದ ಆಘಾತವೊಂದು ಬಂದೊದಗಿತು. ೧೮೨೮ರಲ್ಲಿ ಗವರ್ನರ್ ಲಷಿಂಗ್ಟನ್ ಅವರ ಸರ್ಕಾರವು ಪ್ರಕೃತಿವಿಜ್ಞಾನಿಯ ಹುದ್ದೆಯನ್ನೇ ರದ್ದು ಮಾಡಿತು. ವೈಟರ ಸಂಗ್ರಹವನ್ನೂ, ಅವರಿಗಿಂತ ಹಿಂದಿನವರು ಬಿಟ್ಟುಹೋದ ಸಂಗ್ರಹವನ್ನೂ ಹಡಗಿಗೆ ಹೇರಿ ಲಂಡನ್ನಿನ ಇಂಡಿಯಾ ಹೌಸಿಗೆ ಕಳುಹಿಸಿತು. ವೈಟರು ನಾಗಪಟ್ಟಣದ ದಂಡಿನ ವೈದ್ಯರಾಗಿ ಹೋಗಬೇಕಾಯಿತು. ಕೈಯಲ್ಲಿ ಒಂದು ಒಣಗಿದ ಗಿಡವೂ ಇಲ್ಲ, ಹುದ್ದೆಯೂ ಇಲ್ಲ. ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದರು. ವೈಟರು ನಾಗಪಟ್ಟಣದಲ್ಲಿ ತಮ್ಮ ಸಂಬಳದ ಹಣದಿಂದಲೇ ಸಂಗ್ರಾಹಕರನ್ನೂ ಚಿತ್ರಕಾರರನ್ನೂ ಇಟ್ಟುಕೊಂಡು ಮೊದಲಿನಿಂದ ಆರಂಭಿಸಿದರು.

ಲಂಡನ್ನಿಗೆ ಹೋದ ಗಿಡಗಳ ಕಥೆಯೇನು? ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಗಳಾಗಿದ್ದ ನಥಾನಿಯಲ್ ವಾಲಿಕ್ ಅವರು ಆಗ ಅಲ್ಲಿದ್ದು, ಕಂಪೆನಿಯ ಸಂಗ್ರಹಗಳನ್ನೆಲ್ಲ ವಿಂಗಡಿಸಿ ಯೂರೋಪಿನ ಪಂಡಿತರಿಗೆ ಕುಟುಂಬ ಕುಟುಂಬವಾಗಿ ಹಂಚುತ್ತಿದ್ದರು. ತುಳಸಿ, ತುಂಬೆ, ಪುದೀನಗಳ ಕುಟುಂಬವು ಜಾರ್ಜ್ ಬೆಂತಮ್ ಎಂಬ ತರುಣರ ಪಾಲಿಗೆ ಬಂದಿತು. ಕಾನೂನು ಓದಿದ್ದ ಈತ ಸಸ್ಯಶಾಸ್ತ್ರಕ್ಕೆ ಮನಸೋತವರು. ಹೆಸರಾಂತ ತತ್ತ್ವಜ್ಞಾನಿ ಜೆರೆಮಿ ಬೆಂತಮರ ತಮ್ಮನ ಮಗ. ಭಾರತಕ್ಕೆ ಎಂದೂ ಕಾಲಿಟ್ಟವರಲ್ಲ. ಆದರೂ ವೈಟರು ಮದರಾಸಿನಲ್ಲಿ ಒತ್ತಿಟ್ಟ ಗಿಡಗಳು ಅವರ ಮೇಜಿನ ಮೇಲೆ ಹರಡಿದುವು.

ಇಲ್ಲಿ ಈ ಕುಟುಂಬದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ತುಳಸಿಯ ಎಳೆಯ ಕಾಂಡವನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದರೆ ಅದು ದುಂಡಗಿರದೆ ನಾಲ್ಕು ಮೂಲೆಯಾಗಿರುವುದು ತಿಳಿಯುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಹೂವು ಬಾಯ್ದೆರೆದು ಮೇಲ್ದುಟಿ ಕೆಳದುಟಿಗಳಾಗಿ ಸೀಳಿಕೊಂಡಿರುತ್ತದೆ. ಕಾಯಿ ಮಾಗಿದಾಗ ಪುಷ್ಪಕೋಶದ ತಳದಲ್ಲಿ ನಾಲ್ಕು ಪುಟ್ಟ ಬೀಜಗಳಂಥವು ಕುಳಿತಿರುತ್ತವೆ. ಕಾಮಕಸ್ತೂರಿ, ದೊಡ್ಡಪತ್ರೆ, ಹೂಮಾಲೆಯಲ್ಲಿ ಸೇರಿಸುವ ಮರುಗ, ಪಚ್ಚೆತೆನೆ, ಎಲ್ಲವೂ ಈ ಮನೆಯವೇ. ತುಟಿಯಿರುವ ಹೂಗಳೆಂಬ ಅರ್ಥದಲ್ಲಿ ಇದಕ್ಕೆ ಲೇಬಿಯೇಟೀ ಎಂದು ಹೆಸರಿಟ್ಟಿದ್ದರು. ಈಗ ಲೇಮಿಯೇಸೀ ಎನ್ನುವುದು ರೂಢಿ. ಕುಟುಂಬದೊಳಗೆ ಜಾತಿ, ಜಾತಿಯೊಳಗೆ ಪ್ರಭೇದ, ಪ್ರಭೇದದೊಳಗೆ ಬಗೆ, ಹೀಗೆ ಮೆಟ್ಟಲುಗಳು. ಗಿಡದ ಪೂರ್ಣ ಹೆಸರಿನಲ್ಲಿ ಮೊದಲನೆಯ ಪದ ಜಾತಿಯದು, ಎರಡನೆಯದು ಪ್ರಭೇದದ್ದು.

ಸ್ವೀಡನ್ನಿನ ಲಿನೇಯಸ್ ಪಂಡಿತರು ೧೭೫೩ರಲ್ಲಿ ಸಿಂಹಳದ ತುಂಬೆಯನ್ನು ಫ್ಲೋಮಿಸ್ ಎಂಬ ಜಾತಿಯಲ್ಲಿ ಸೇರಿಸಿದ್ದರು. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ, ಮಧ್ಯ ಏಷ್ಯದ ಗಿಡಗಳ ಜಾತಿ. ಅಲ್ಲಿ ತುಂಬೆ ಪರಸ್ಥಳದ ಅತಿಥಿಯಂತಿತ್ತು. ೧೮೧೦ರಲ್ಲಿ ರಾಬರ್ಟ್ ಬ್ರೌನ್ ಎಂಬ ಮಹಾ ಸಸ್ಯಶಾಸ್ತ್ರಜ್ಞರು, ಆಸ್ಟ್ರೇಲಿಯದ ಗಿಡಗಳನ್ನು ಕುರಿತ ಗ್ರಂಥದಲ್ಲಿ, ತುಂಬೆಗಳನ್ನು ಬೇರ್ಪಡಿಸಿ ಲ್ಯೂಕಾಸ್ ಎಂಬ ಹೊಸ ಜಾತಿಯನ್ನು ಮಾಡಿದರು. ಗ್ರೀಕ್ ಭಾಷೆಯಲ್ಲಿ ಬಿಳುಪು ಎಂಬುದಕ್ಕೆ ಇರುವ ಪದದಿಂದ ಈ ಹೆಸರು. ಹೂವಿನ ಬಣ್ಣವನ್ನು ಬಲ್ಲ ನಮಗೆ ಇದು ಸರಿಯೆಂದೇ ತೋರುತ್ತದೆ.

ಬೆಂತಮರಿಗೆ ಉಳಿದದ್ದು ಈ ಜಾತಿಯ ಒಳಗಿನ ವಿಂಗಡಣೆ. ಅದೇ ಕಷ್ಟವಾದ ಭಾಗ. ಎಲೆಯ ಉದ್ದಗಲವನ್ನು ನಂಬುವಂತಿಲ್ಲ. ಮರಳು ಭೂಮಿಯಲ್ಲಿ ಗೇಣುದ್ದವಿದ್ದು ಒರಟಾಗಿರುವ ತುಂಬೆಯೇ ನೀರಿನ ಆಸರೆಯಲ್ಲಿ ಎರಡಡಿ ಬೆಳೆದು ಎಲೆಯನ್ನು ಅಗಲಿಸುತ್ತದೆ. ಒಂದೇ ಒಂದು ಒಣಗಿದ ಕೊಂಬೆಯನ್ನು ಕಂಡ ಪಂಡಿತನು ಅದನ್ನು ಹೊಸ ಪ್ರಭೇದವೆಂದು ಸಾರಿಬಿಡಬಹುದು. ಐವತ್ತು ಸ್ಥಳಗಳ ಐವತ್ತು ಕೊಂಬೆಗಳನ್ನು ಸಾಲಾಗಿ ಇಟ್ಟಾಗ, ಗಿಡ್ಡದರಿಂದ ಎತ್ತರದ್ದಕ್ಕೆ, ಒರಟಿನಿಂದ ನುಣುಪಿಗೆ, ನಡುವೆ ಎಲ್ಲಿಯೂ ಬಿರುಕಿಲ್ಲದೆ ಸಾಗುವುದು ಕಾಣುತ್ತದೆ. ಬಿರುಕಿಲ್ಲದಿದ್ದರೆ ಅವು ಒಂದೇ ಪ್ರಭೇದದ ಬಗೆಗಳು. ನಡುವೆ ನಿಜವಾದ ಬಿರುಕಿದ್ದರೆ ಬೇರೆ ಪ್ರಭೇದಗಳು. ಆದುದರಿಂದ ಒಂದೇ ಗಿಡವನ್ನು ಮತ್ತೆ ಮತ್ತೆ, ಊರೂರಿನಿಂದ ಕೂಡಿಸುವ ವೈಟರ ಪದ್ಧತಿಗೆ ಬಹಳ ಬೆಲೆಯಿತ್ತು. ಆಗಿನ ಅನೇಕ ಸಂಗ್ರಾಹಕರು ಅಪೂರ್ವವಾದ ಗಿಡಗಳ ಬೆನ್ನು ಹತ್ತಿ, ದಾರಿಬದಿಯ ತುಂಬೆಯನ್ನು ತುಳಿದುಕೊಂಡು ಹೋಗುತ್ತಿದ್ದರು.

ಎಲೆಯನ್ನು ಬಿಟ್ಟು ಬೆಂತಮರು ಹೆಚ್ಚಾಗಿ ನೆಚ್ಚಿದ್ದು ಪುಷ್ಪಕೋಶವನ್ನು; ಹೂ ಉದುರಿದ ಮೇಲೆಯೂ ಗಿಡದಲ್ಲಿ ಉಳಿಯುವ ಹಸುರು ಬಟ್ಟಲನ್ನು. ತುಂಬೆಯಲ್ಲಿ ಅದರ ಅಂಚಿಗೆ ಎಂಟರಿಂದ ಹತ್ತು ಹಲ್ಲುಗಳಿರುತ್ತವೆ. ಬಟ್ಟಲಿನ ಬಾಯಿ ಸಮನಾಗಿದೆಯೋ, ಓರೆಯಾಗಿ ಕತ್ತರಿಸಿದಂತಿದೆಯೋ. ಹಲ್ಲುಗಳು ಒಂದೇ ಅಳತೆಯವೋ, ಅಲ್ಲವೋ. ಬಾಯೊಳಗೆ ರೋಮವಿದೆಯೋ ಇಲ್ಲವೋ. ಗುಚ್ಛವನ್ನು ಆವರಿಸಿದ ಸಣ್ಣ ಎಲೆಗಳು ಎಷ್ಟು ಉದ್ದ. ಇವುಗಳಿಂದ ಪ್ರಭೇದಗಳು ಬೇರೆಯಾಗಿ ನಿಲ್ಲುತ್ತವೆ. ನಮ್ಮ ಊರಿನ ಸಾಮಾನ್ಯ ತುಂಬೆಯಲ್ಲಿ ಬಟ್ಟಲು ಕೊಂಚ ಬಾಗಿ, ಬಾಯಿ ಬಹಳ ಓರೆಯಾಗಿ, ಮೇಲ್ಭಾಗ ಮುಂದಕ್ಕೆ ಚಾಚಿರುತ್ತದೆ. ಅದರ ಹೆಸರು ಲ್ಯೂಕಾಸ್ ಆಸ್ಪೆರ, ಒರಟು ತುಂಬೆ. ಚೆಂಡಿನ ತುಂಬೆ ಲ್ಯೂಕಾಸ್ ಸೆಫಲೋಟಿಸ್. ಜೋಡಿ ಹೂವಿನದು ಲ್ಯೂಕಾಸ್ ಬೈಫ್ಲೋರ. ನೀಲಗಿರಿಯ ಬಿಳಿ ಪೊದೆ ಲ್ಯೂಕಾಸ್ ಹೀಲಿಯಾಂಥೆಮಿಫೋಲಿಯ. ಒಂದು ಭೂತಗನ್ನಡಿಯಿದ್ದರೆ ಈ ಓರೆಬಾಯಿಯನ್ನು ಯಾವ ವಿದ್ಯಾರ್ಥಿಯೂ ಕಂಡುಕೊಳ್ಳಬಹುದು. ಬೆಂತಮರು ಈ ಕುಟುಂಬದ ಲೋಕದ ಎಲ್ಲ ಗಿಡಗಳನ್ನೂ ೧೮೩೨ರಿಂದ ೧೮೩೬ರವರೆಗೆ ಬಿಡಿಬಿಡಿಯಾಗಿ ಪ್ರಕಟವಾದ ದೊಡ್ಡ ಗ್ರಂಥವೊಂದರಲ್ಲಿ ಅಡಕಮಾಡಿದರು. ಮದರಾಸಿನ ವೈದ್ಯರ ಉಪಕಾರವನ್ನು ಅವರು ಮರೆಯಲಿಲ್ಲ. ಪಚ್ಚೆತೆನೆಯ ಜಾತಿಯ ಒಂದು ಗಿಡಕ್ಕೂ, ಈಗ ಐಸೊಡಾನ್ ಎಂಬ ಜಾತಿಗೆ ಸೇರಿರುವ ಬೆಟ್ಟದ ಗಿಡವೊಂದಕ್ಕೂ ವೈಟಿಯೈ ಎಂದು ಹೆಸರಿಟ್ಟರು.

ಇತ್ತ ವೈಟರು ೧೮೩೧ರಲ್ಲಿ ರಜೆ ಪಡೆದು ಸ್ವದೇಶಕ್ಕೆ ಹೊರಟಾಗ ಅವರೊಡನೆ ಹೋದ ಗಂಟುಮೂಟೆಗಳನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಸುಮಾರು ಒಂದು ಲಕ್ಷ ಒಣಗಿದ ಗಿಡಗಳು. ತೂಕ ಎರಡು ಟನ್ನು. ಮೂರು ವರ್ಷದ ಕೆಳಗೆ ಸರ್ಕಾರವು ಬರಿಗೈ ಮಾಡಿ ಕಳುಹಿಸಿದ ಮನುಷ್ಯನ ಸಂಪಾದನೆಯಿದು. ಸ್ಕಾಟ್ಲೆಂಡಿನಲ್ಲಿ ವಾಕರ್ ಅರ್ನಾಟ್ ಎಂಬ ಮಿತ್ರರೊಡನೆ ಕುಳಿತು ಅವನ್ನು ವಿಂಗಡಿಸಿ, ಹೆಚ್ಚಿನ ಪ್ರತಿಗಳನ್ನು ಯೂರೋಪಿನ ಪಂಡಿತರಿಗೆಲ್ಲ ಹಂಚಿದರು. ಇಬ್ಬರೂ ಸೇರಿ ದಕ್ಷಿಣ ಭಾರತದ ಸಸ್ಯಗಳನ್ನು ಕುರಿತು ಲ್ಯಾಟಿನ್ ಹೆಸರಿನ ಗ್ರಂಥವೊಂದನ್ನು ಬರೆದರು. ಅದರ ಮೊದಲನೆಯ ಸಂಪುಟ ೧೮೩೪ರಲ್ಲಿ ಹೊರಬಂತು. ಎರಡನೆಯದು ಬರಲೇ ಇಲ್ಲ. ತುಂಬೆ ತುಳಸಿಗಳ ಸರದಿಯೂ ಅದರಿಂದ ಆ ಗ್ರಂಥದಲ್ಲಿ ಒದಗಲಿಲ್ಲ.

೧೮೩೪ರಲ್ಲಿ ಹಿಂದಿರುಗಿದ ವೈಟರನ್ನು ಸರ್ಕಾರವು ಬಳ್ಳಾರಿಗೆ, ಮೂವತ್ತಮೂರನೆಯ ದೇಶೀಯ ಪದಾತಿ ದಳದ ವೈದ್ಯರನ್ನಾಗಿ ಕಳುಹಿಸಿತು. ಬಳ್ಳಾರಿಯ ಬಿಸಿಲನ್ನೂ ಬಂಡೆಗುಡ್ಡಗಳನ್ನೂ ಬಲ್ಲ ನಮ್ಮ ಓದುಗರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿಂದ ದಳವು ತೆಂಕಣ ತುದಿಯ ಪಾಳೆಯಂಕೋಟೆಗೆ ಹೋಗಬೇಕೆಂದು ಆಜ್ಞೆಯಾಯಿತು. ಸುಮಾರು ಏಳುನೂರು ಮೈಲಿಗಳ ದಾರಿ. ರೈಲಿಲ್ಲದ ಕಾಲ. ಸೈನಿಕರಿಗೆ ಅದು ಬೇಸರದ ಪಯಣ; ವೈಟರಿಗೆ ಕಪ್ಪು ಮಣ್ಣಿನ ಬಯಲಿನಿಂದ ತಾಮ್ರಪರ್ಣಿಯ ದಡದವರೆಗಿನ ಗಿಡಗಳೆಲ್ಲವನ್ನೂ ಒಂದೇ ಎಳೆಯಲ್ಲಿ ನೋಡುವ ಸುಯೋಗ.

೧೮೩೬ರಲ್ಲಿ ಅವರ ಯೋಗ್ಯತೆಯನ್ನು ಅರಿತ ಸರ್ಕಾರವು ಅವರನ್ನು ಸೇನೆಯಿಂದ ಕಂದಾಯ ಇಲಾಖೆಗೆ ವರ್ಗಾಯಿಸಿತು. ಹತ್ತಿ, ಹೊಗೆಸೊಪ್ಪು, ಸೋನಾಮುಖಿ ಮೊದಲಾದ ಬೆಳೆಗಳನ್ನು ಪರಿಶೀಲಿಸಿ ವರದಿ ಮಾಡುವುದು ಈಗಿನ ಕೆಲಸ. ಮದರಾಸಿನಲ್ಲಿ ೧೮೩೫ರಲ್ಲಿ ಸ್ಥಾಪಿತವಾದ ಕೃಷಿ ತೋಟಗಾರಿಕೆಯ ಸಂಘದ ಕಾರ್ಯಗಳಲ್ಲಿಯೂ ಅವರು ಕೈಜೋಡಿಸಿದರು. ಕತೀಡ್ರಲ್ ರಸ್ತೆಯಲ್ಲಿ ಈ ಸಂಘದ ತೋಟವಿದ್ದ ನೆಲದ ಒಂದು ಭಾಗದಲ್ಲಿಯೇ ೨೦೧೦ರಲ್ಲಿ ಸೆಮ್ಮೊಳಿ ಪೂಂಗ ಎಂಬ ಉದ್ಯಾನವಾದದ್ದು. ಮದರಾಸಿನ ಸಾಹಿತ್ಯ ಸಂಘದ ಪತ್ರಿಕೆಗೂ ಅವರು ಲೇಖನಗಳನ್ನು ಬರೆಯುತ್ತಿದ್ದರು.

ಅವರ ಮಹತ್ಕಾರ್ಯ ಆರಂಭವಾದದ್ದು ೧೮೩೮ರಲ್ಲಿ. ವರ್ಣನೆ ಎಷ್ಟೇ ನಿಷ್ಕೃಷ್ಟವಾಗಿರಲಿ, ಓರೆಬಾಯಿಯ ಬಟ್ಟಲನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಚಿತ್ರದಲ್ಲಿ ತೋರಿಸುವುದು ಮೇಲಲ್ಲವೆ? ಯೂರೋಪಿನ ಬಣ್ಣದ ಚಿತ್ರಗಳ ಪುಸ್ತಕಗಳು ರಾಜಮಹಾರಾಜರಿಗೆ ಮಾತ್ರ ಎಟುಕುವಂಥವು. ಆದ್ದರಿಂದ ವೈಟರು ಕಲ್ಲಚ್ಚಿನ ಮುದ್ರಣವನ್ನು ಆರಿಸಿಕೊಂಡರು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮಸಿಯ ಉರುಳೆ ಉರುಳಿಸಿದರೆ, ಜಿಡ್ಡಿರುವ ಕಡೆ ಮಾತ್ರ ಮಸಿ ಹತ್ತುತ್ತದೆ. ಅದರ ಮೇಲೆ ಕಾಗದವನ್ನೊತ್ತಿದರೆ ಚಿತ್ರ ಸಿದ್ಧ. ಬಣ್ಣವಿಲ್ಲದೆ ಕಪ್ಪು ಗೆರೆಗಳಲ್ಲಿಯೇ ಮುದ್ರಿಸಿ ಬೆಲೆಯನ್ನು ತಗ್ಗಿಸಿದರು. ಪೂರ್ವ ಭಾರತದ ಸಸ್ಯಗಳ ಚಿತ್ರಗಳೆಂಬ ಅರ್ಥದ ಐಕೋನ್ಸ್ ಗ್ರಂಥವು ೧೮೩೮ರಿಂದ ೧೮೫೩ರವರೆಗೆ ಆರು ಸಂಪುಟಗಳಾಗಿ ಮದರಾಸಿನಲ್ಲಿಯೇ ಮುದ್ರಣಗೊಂಡಿತು. ಅದರಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಫಲಕಗಳಿವೆ. ಇದಲ್ಲದೆ ಭಾರತದ ಸಸ್ಯಗಳನ್ನೂ ನೀಲಗಿರಿಯ ಸಸ್ಯಗಳನ್ನೂ ಕುರಿತ, ಕೈಯಿಂದ ಬಣ್ಣ ಹಚ್ಚಿದ ಎರಡೆರಡು ಸಂಪುಟಗಳ ಗ್ರಂಥಗಳು ಬೇರೆ. ಇದಿಷ್ಟೂ ಸರ್ಕಾರಿ ಕೆಲಸದ ಬಿಡುವಿನಲ್ಲಿ ನಡೆದದ್ದೆಂಬುದನ್ನು ನೆನೆದರೆ ಬೆರಗಾಗುತ್ತದೆ.

ಆ ಸರ್ಕಾರಿ ಕೆಲಸವಾದರೂ ಹಗುರವಾಗಿರಲಿಲ್ಲ. ೧೮೪೨ರಿಂದ ಅವರು ಕೊಯಿಮತ್ತೂರಿನಲ್ಲಿ ಅಮೆರಿಕದ ಹತ್ತಿಯ ಪ್ರಯೋಗ ಕ್ಷೇತ್ರಗಳನ್ನು ನೋಡಿಕೊಳ್ಳಬೇಕಾಯಿತು. ಲಂಕಾಷೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದನ್ನು ಭಾರತದಲ್ಲಿ ಬೆಳೆಯಿಸಬೇಕೆಂಬುದು ಕಂಪೆನಿಯ ಹಂಬಲ. ಕೊಯಿಮತ್ತೂರಿನಲ್ಲಿ ಹಣ ಖರ್ಚಾದಷ್ಟು ಫಲ ದೊರೆಯಲಿಲ್ಲ. ಅದೇ ದಶಕದಲ್ಲಿ ನಮ್ಮ ಧಾರವಾಡದ ರೈತರು ಅದೇ ಅಮೆರಿಕದ ಹತ್ತಿಯನ್ನು ಒಗ್ಗಿಸಿಕೊಂಡು, ಧಾರವಾಡ ಅಮೆರಿಕನ್ ಎಂಬ ಹೆಸರೇ ಪೇಟೆಯಲ್ಲಿ ನಿಲ್ಲುವಂತೆ ಮಾಡಿದರು. ವೈಟರ ಜೀವನದಲ್ಲಿ ಸೋಲೆಂದು ಹೇಳಬಹುದಾದದ್ದು ಈ ಹತ್ತಿಯ ಕೆಲಸವೊಂದೇ.

ಐಕೋನ್ಸ್ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ತುಳಸಿಯ ಕುಟುಂಬದ ಸರದಿ ಬಂದಿತು. ಇಪ್ಪತ್ತು ವರ್ಷಗಳ ಹಿಂದೆ ಮದರಾಸಿನಿಂದ ಹೊರಟ ಗಿಡಗಳು ಲಂಡನ್ನಿನಲ್ಲಿ ಹೆಸರು ಪಡೆದು, ಈಗ ಚಿತ್ರಗಳಾಗಿ ಮದರಾಸಿಗೇ ಮರಳಿದಂತಾಯಿತು. ಬೆಂತಮರ ವಿಂಗಡಣೆಯನ್ನು ಅನುಸರಿಸಿ, ತುಂಬೆಗಳನ್ನೂ ದೊಡ್ಡಪತ್ರೆಯ ಬಂಧುಗಳನ್ನೂ ವೈಟರು ಇಲ್ಲಿ ಚಿತ್ರಿಸಿದ್ದಾರೆ. ಪ್ರತಿ ಫಲಕದಲ್ಲಿಯೂ ಇಡೀ ಕೊಂಬೆಯ ಕೆಳಗೆ ಹೂವನ್ನು ಸೀಳಿ ಬಟ್ಟಲು, ಕೇಸರ, ಬೀಜಗಳನ್ನು ಹಿಗ್ಗಿಸಿ ತೋರಿಸಿದೆ.

ದೊಡ್ಡಪತ್ರೆಯ ವಿಚಾರ ಬಂದುದರಿಂದ ಒಂದು ಮಾತು. ಕೇಸರದ ಎಳೆಗಳು ಬುಡದಲ್ಲಿ ಕೊಳವೆಯಾಗಿ ಕೂಡಿಕೊಂಡಿದ್ದರೆ ಕೋಲಿಯಸ್, ಬಿಡಿಬಿಡಿಯಾಗಿದ್ದರೆ ಪ್ಲೆಕ್ಟ್ರಾಂಥಸ್, ಎಂದು ಬೆಂತಮರು ಗೆರೆ ಎಳೆದಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಂಡಿತರು ಈ ಗೆರೆಯನ್ನು ನಂಬಲಾಗದೆಂದು ಅಳಿಸಿ, ಎರಡನ್ನೂ ಪ್ಲೆಕ್ಟ್ರಾಂಥಸ್ ಎಂಬ ಒಂದೇ ಜಾತಿ ಮಾಡಿದರು. ೨೦೧೯ರ ವೇಳೆಗೆ ಡಿ. ಎನ್. ಎ. ಪರೀಕ್ಷೆಯ ಆಧಾರದಿಂದ ಕೋಲಿಯಸ್ ಮತ್ತೆ ಬೇರೆಯಾಗಿ ನಿಂತಿತು. ಗೆರೆ ಈಗ ಬೆಂತಮರು ಎಳೆದ ಜಾಗದಲ್ಲಿಯೇ ಇಲ್ಲ. ಆದರೆ ದೊಡ್ಡಪತ್ರೆಗೆ ಅದರ ಹಳೆಯ ಹೆಸರು, ಕೋಲಿಯಸ್ ಅಂಬೊಯಿನಿಕಸ್, ಹಿಂದಿರುಗಿದೆ. ತುಂಬೆಯಲ್ಲಿಯೂ ಇಂಥ ಕಾರ್ಯ ನಡೆದಿದೆ. ಆಫ್ರಿಕದ ಕೆಲವು ಲ್ಯೂಕಾಸುಗಳು ನಮ್ಮ ತುಂಬೆಗಿಂತ ಲಿಯೊನೋಟಿಸ್ ಎಂಬ ಕಿತ್ತಳೆ ಬಣ್ಣದ ಹೂವಿನ ಜಾತಿಗೇ ಹತ್ತಿರವೆಂದು ಕಂಡುಬಂದಿದೆ. ತುಳಸಿಯ ಪ್ರಕರಣ ಸರಳ. ಲಿನೇಯಸರು ಬೇರೆ ಬೇರೆ ಪುಸ್ತಕಗಳಲ್ಲಿ ಅದಕ್ಕೆ ಎರಡು ಹೆಸರುಗಳನ್ನಿಟ್ಟಿದ್ದರು: ೧೭೫೩ರಲ್ಲಿ ಆಸಿಮಮ್ ಟೆನ್ಯುಯಿಫ್ಲೋರಮ್ ಮತ್ತು ೧೭೬೭ರಲ್ಲಿ ಆಸಿಮಮ್ ಸ್ಯಾಂಕ್ಟಮ್. ಎರಡೂ ಒಂದೇ ಗಿಡವೆಂದು ನಿಶ್ಚಯವಾಗಿ, ಮೊದಲನೆಯದು ಈಗ ಬಳಕೆಯಲ್ಲಿದೆ. ನಮ್ಮ ಬೃಂದಾವನಗಳಲ್ಲಿರುವ ಕೃಷ್ಣ ತುಳಸಿ, ರಾಮ ತುಳಸಿಗಳೂ ಒಂದೇ ಪ್ರಭೇದದ ಎರಡು ಬಗೆಗಳು.

೧೮೫೩ರಲ್ಲಿ ವೈಟರು ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿ, ರೆಡಿಂಗ್ ಪಟ್ಟಣದ ಬಳಿ ಗ್ರೇಜ್ಲಿ ಎಂಬಲ್ಲಿ ನೆಲೆಸಿದರು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರು ವರ್ಣಿಸಿದ ಹೊಸ ಪ್ರಭೇದಗಳು ೧೨೬೭, ಹೊಸ ಜಾತಿಗಳು ೧೧೦ ಎಂದು ಲೆಕ್ಕ ಹಾಕಿದ್ದಾರೆ. ಅವರ ಕೆಲಸವನ್ನು ಮದರಾಸಿನಲ್ಲಿ ಮುಂದುವರಿಸಿದವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಮುಖ್ಯರು. ಮದರಾಸಿನಲ್ಲಿಯೇ ಹುಟ್ಟಿದ ಈ ವೈದ್ಯರು ಹಿಂದೆ ಮೈಸೂರು ಸೀಮೆಯ ಶಿವಮೊಗ್ಗದಲ್ಲಿದ್ದಾಗ ಗಿಡಗಳ ಚಿತ್ರಗಳನ್ನು ಬರೆಯಿಸುತ್ತಿದ್ದವರು. ಮುಂದೆ ಮದರಾಸು ಪ್ರಾಂತದ ಮೊದಲನೆಯ ಅರಣ್ಯ ಸಂರಕ್ಷಕರಾದರು. ವೈಟರು ೧೮೭೧ರಲ್ಲಿ ತಮ್ಮ ಗಿಡಗಳ ಸಂಗ್ರಹವನ್ನು ಲಂಡನ್ನಿನ ಬಳಿಯ ಕ್ಯೂ ಉದ್ಯಾನಕ್ಕೆ ದಾನ ಮಾಡಿದರು. ೧೮೭೨ನೆಯ ಇಸವಿ ಮೇ ೨೬ರಂದು ಕಾಲವಶರಾದರು. ಅವರೂ ಅರ್ನಾಟರೂ ಅರ್ಧದಲ್ಲಿ ಬಿಟ್ಟ ದಕ್ಷಿಣದ ಸಸ್ಯಗ್ರಂಥದ ಕೆಲಸವನ್ನು ಗ್ಯಾಂಬಲ್ ಎಂಬವರು ೧೯೧೫ರಲ್ಲಿ ಮತ್ತೆ ಕೈಗೆತ್ತಿಕೊಂಡರು; ಅವರೂ ನಡುವೆ ತೀರಿಕೊಂಡು, ಫಿಷರ್ ಎಂಬವರ ಕೈಯಲ್ಲಿ ೧೯೩೬ರಲ್ಲಿ ಅದು ಮುಗಿಯಿತು. ನಮ್ಮ ನಗರದ ಗಿಡಗಳಿಗಾಗಿಯೇ ಎಗ್ಮೂರಿನ ವಸ್ತುಸಂಗ್ರಹಾಲಯವು ಮಯೂರನಾಥನ್ ಎಂಬ ವಿದ್ವಾಂಸರ ಪುಸ್ತಕವೊಂದನ್ನು ೧೯೨೯ರಲ್ಲಿ ಪ್ರಕಟಿಸಿತು.

ರಂಗಯ್ಯನವರು ಸುಮಾರು ೧೮೪೫ರವರೆಗೆ ವೈಟರಿಗೆ ಚಿತ್ರ ಬರೆದರು. ಅವರ ಸ್ಥಾನಕ್ಕೆ ಬಂದವರು ಗೋವಿಂದು. ಇವರೂ ಅದೇ ಸಂಪ್ರದಾಯದ ಚಿತ್ರಕಾರರು. ಭಾರತದಲ್ಲಿ ಕೆಲಸ ಮಾಡಿದ ಅನೇಕ ಸಸ್ಯಜ್ಞರು ತಮ್ಮ ಚಿತ್ರಕಾರರ ಹೆಸರನ್ನೇ ದಾಖಲಿಸಲಿಲ್ಲ. ವೈಟರ ಫಲಕಗಳಲ್ಲಾದರೋ ರಂಗಯ್ಯ, ಗೋವಿಂದು ಎಂಬ ಹೆಸರುಗಳು ಅಚ್ಚಾಗಿವೆ. ಐಕೋನ್ಸಿನ ಕೊನೆಯ ಸಂಪುಟದಲ್ಲಿ, ೧೮೫೩ರಲ್ಲಿ, ವೈಟರು ಸೀತಾಳೆಯ ಕುಟುಂಬದ ಒಂದು ಗಿಡವನ್ನು ಹೊಸ ಜಾತಿಯೆಂದು ಭಾವಿಸಿ, ತಮ್ಮ ಚಿತ್ರಕಾರರ ಗೌರವಾರ್ಥವಾಗಿ ಅದಕ್ಕೆ ಗೋವಿಂದೂಯ ಎಂದು ನಾಮಕರಣ ಮಾಡಿದರು. ಆದರೆ ಆ ಜಾತಿಯನ್ನು ಲಿಂಡ್ಲಿ ಎಂಬ ಪಂಡಿತರು ೧೮೩೩ರಲ್ಲಿಯೇ ಟ್ರಾಪಿಡಿಯ ಎಂಬ ಹೆಸರಿನಿಂದ ವರ್ಣಿಸಿದ್ದರು. ಮೊದಲು ಇಟ್ಟ ಹೆಸರಿಗೇ ಮನ್ನಣೆಯೆಂಬುದು ಸಸ್ಯಶಾಸ್ತ್ರದ ನಿಯಮ. ಹಾಗಾಗಿ ಗೋವಿಂದೂಯ ಎಂಬುದು ಈಗ ಟ್ರಾಪಿಡಿಯದ ಕೆಳಗೆ ಪರ್ಯಾಯನಾಮಗಳ ಸಾಲಿನಲ್ಲಿ ಅಚ್ಚಾಗುತ್ತದೆ. ಆ ಹೆಸರಿನಡಿ ವೈಟರು ಪ್ರಕಟಿಸಿದ ಫಲಕವು ಆರನೆಯ ಸಂಪುಟದಲ್ಲಿ ಹಾಗೆಯೇ ಇದೆ.